ನಂಬರು ಬಂದ್ ಮಾಡಿಸುವ ಕಷ್ಟ

ಬೀದರ ನಗರದ ಮೋಹನ್ ಮಾರ್ಕೆಟ್ಟಿನಿಂದ ಉಸ್ಮಾನ್‌ಗಂಜಿನ ಕಡೆಗೆ ನಡೆದು ಹೋಗುವವರಿಗೆ, ಮಾರ್ಗದ ಅಂಚಿನಲ್ಲಿ ಕಂಪನಿಯ ಬಣ್ಣದ ಕೊಡೆಯೊಂದನ್ನು ನೆಟ್ಟು, ಅದರ ನೆರಳಿನಲ್ಲಿ ಸಣ್ಣ ಮೇಜನ್ನಿಟ್ಟುಕೊಂಡು ಸಿಮ್ ಮಾರುವ ತರುಣರು ಆಗಾಗ ಕಾಣಸಿಗುತ್ತಾರೆ. ಅಂಥ ಮೇಜಿನ ಮುಂದೆ ನಿಂತು ಆಧಾರ್ ಸಂಖ್ಯೆಯನ್ನು ಹೇಳಿ, ಬೆರಳನ್ನು ಯಂತ್ರದ ಮೇಲೊತ್ತಿ, ಭಾವಚಿತ್ರಕ್ಕೆ ಮುಖವೊಡ್ಡಿದರೆ, ಪಕ್ಕದ ಹೋಟೆಲಿನಿಂದ ತರಿಸಿದ ಚಹಾ ಆರುವುದರೊಳಗೆ ಹೊಸ ನಂಬರು ಕೈಸೇರುತ್ತದೆ. ಕೇಂದ್ರದ ದೂರಸಂಪರ್ಕ ಇಲಾಖೆಯು 2021ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಆದೇಶಗಳ ತರುವಾಯವಂತೂ, ಪ್ರೀಪೇಯ್ಡ್ ಸಂಪರ್ಕವನ್ನು ಪೋಸ್ಟ್‌ಪೇಯ್ಡಿಗೆ ಬದಲಿಸಿಕೊಳ್ಳುವುದಕ್ಕೆ ಫೋನಿಗೆ ಬಂದ ಒಂದು ಒಟಿಪಿಯನ್ನು ಒಪ್ಪಿಸಿದರೆ ಸಾಕೆಂಬಷ್ಟು ಈ ವ್ಯವಹಾರವು ಸುಗಮವಾಗಿದೆ. ಆದರೆ ಅದೇ ತರುಣನ ಬಳಿಗೆ ಹೋಗಿ, "ಈ ನಂಬರ್ ನಮಗ ಬ್ಯಾಡಾಗ್ಯಾದ, ಬಂದ್ ಮಾಡಿಕೊಡಪ್ಪಾ" ಎಂದು ಕೇಳಿದವರಿಗೆ, ಅವನು ಎಷ್ಟೇ ಸಜ್ಜನನಾಗಿದ್ದರೂ, "ಅದು ನಮ್ಮ ಕಡಿ ಆಗಲ್ಲರೀ, ಕಸ್ಟಮರ್ ಕೇರಕ್ಕ ಹಚ್ಚಿ ಕೇಳ್ರಿ" ಎಂಬುದಕ್ಕಿಂತ ಹೆಚ್ಚಿನದೇನನ್ನೂ ಹೇಳಲಾರ. ಕೊಡತಕ್ಕ ಅಧಿಕಾರವುಳ್ಳ ಕೈಗೆ ಮರಳಿ ಪಡೆಯತಕ್ಕ ಅಧಿಕಾರವಿಲ್ಲದಿರುವ ಈ ವಿಚಿತ್ರ ವ್ಯವಸ್ಥೆಯೇ ಈ ಲೇಖನದ ವಿಷಯ.

ಹಿಂದೆ ಹೀಗಿರಲಿಲ್ಲವೆಂಬುದನ್ನು ನಡುವಯಸ್ಸು ದಾಟಿದವರೆಲ್ಲ ಬಲ್ಲರು. ತಂತಿಯ ದೂರವಾಣಿಯ ಕಾಲದಲ್ಲಿ ಸಂಪರ್ಕವನ್ನು ಪಡೆಯುವುದೇ ದುಸ್ಸಾಧ್ಯವಾಗಿತ್ತು. ಅರ್ಜಿ ಹಾಕಿ, ಠೇವಣಿ ಕಟ್ಟಿ, ಕಾಯುವವರ ಪಟ್ಟಿಯಲ್ಲಿ ವರ್ಷಗಟ್ಟಲೆ ಹೆಸರಿಟ್ಟುಕೊಂಡು, ಒಂದು ದಿನ ಲೈನ್‌ಮನ್ನನು ಏಣಿಯೊಡನೆ ಮನೆಗೆ ಬಂದನೆಂದರೆ ಓಣಿಯವರೆಲ್ಲ ನೋಡಲು ನೆರೆಯುತ್ತಿದ್ದರು. ಆದರೆ ಅದನ್ನು ಬಿಡುವುದು ಕಷ್ಟವಾಗಿರಲಿಲ್ಲ. ಊರಿನ ಎಕ್ಸ್‌ಚೇಂಜಿಗೆ ಹೋಗಿ ಅರ್ಜಿ ಬರೆದು, ಕೊನೆಯ ಬಿಲ್ಲು ಕಟ್ಟಿ, ಉಪಕರಣವನ್ನು ಮೇಜಿನ ಮೇಲಿಟ್ಟು ರಸೀದಿ ಪಡೆದರೆ ಆ ಸಂಬಂಧವು ತೀರಿತು. ಇದಕ್ಕೆ ಇಲಾಖೆಯ ಔದಾರ್ಯವು ಕಾರಣವಲ್ಲ; ಒಬ್ಬನು ಬಿಟ್ಟ ಲೈನಿಗಾಗಿ ಮತ್ತೊಬ್ಬನು ಕಾಯುತ್ತಿದ್ದುದೇ ಕಾರಣ. 1995ರ ಜುಲೈ 31ರಂದು ಕಲಕತ್ತೆಯ ರೈಟರ್ಸ್ ಬಿಲ್ಡಿಂಗಿನಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಸಚಿವ ಸುಖರಾಮ್ ಅವರೊಡನೆ ಮೊದಲ ಮೊಬೈಲ್ ಸಂಭಾಷಣೆಯನ್ನು ನಡೆಸಿದಂದಿನಿಂದ ಮೂರು ದಶಕಗಳೊಳಗಾಗಿ ಅಭಾವವು ಹೋಗಿ ಸಮೃದ್ಧಿಯು ಬಂದಿತಷ್ಟೆ. ಆ ಸಮೃದ್ಧಿಯೊಡನೆ ಸಂಬಂಧವೂ ತಲೆಕೆಳಗಾಯಿತು. ಇಂದು ಕಂಪನಿಯ ನಿಜವಾದ ಸಂಪತ್ತು ಗೋಪುರಗಳಲ್ಲ, ತಂತಿಗಳಲ್ಲ. ಪ್ರತಿ ತಿಂಗಳೂ ತಪ್ಪದೆ ಹಣ ತೆರುವ ಚಂದಾದಾರನೇ ಆ ಸಂಪತ್ತು. ಅವನು ಒಳಗೆ ಬರುವ ಮಾರ್ಗವನ್ನು ವಿಶಾಲಗೊಳಿಸಿ, ಹೊರಗೆ ಹೋಗುವ ಮಾರ್ಗವನ್ನು ಹಾಗೆಯೇ ಇಕ್ಕಟ್ಟಾಗಿ ಉಳಿಸುವುದರಲ್ಲಿ ವ್ಯಾಪಾರದ ದೃಷ್ಟಿಯಿಂದ ಲಾಭವಿದೆ. ಮತ್ತು ಲಾಭವಿರುವ ಕಡೆ ಸುಧಾರಣೆಯು ತಾನಾಗಿ ಬರುವುದಿಲ್ಲ.

ನಮ್ಮ ದೇಶದ ಮೊಬೈಲ್ ಚಂದಾದಾರರಲ್ಲಿ ಶೇಕಡ 90ಕ್ಕೂ ಹೆಚ್ಚಿನವರು ಪ್ರೀಪೇಯ್ಡಿನವರು. ಅವರ ಮಟ್ಟಿಗೆ ಬಂದ್ ಮಾಡಿಸುವ ಪ್ರಶ್ನೆಯೇ ಉದ್ಭವಿಸದೆಂದು ಮೇಲ್ನೋಟಕ್ಕೆ ತೋರುತ್ತದೆ: ರೀಚಾರ್ಜು ನಿಲ್ಲಿಸಿದರೆ ನಂಬರು ತಾನಾಗಿಯೇ ಅಸ್ತಂಗತವಾಗುತ್ತದೆ. 90 ದಿನಗಳ ಕಾಲ ಯಾವ ಬಳಕೆಯೂ ಇಲ್ಲದೆ ಹೋದ ನಂತರವೇ ಅದನ್ನು ನಿಲ್ಲಿಸತಕ್ಕದ್ದೆಂದೂ, ಖಾತೆಯಲ್ಲಿ 20 ರೂಪಾಯಿ ಇರುವವರೆಗೂ ಆ ಹಣವನ್ನು ಮುರಿದುಕೊಂಡು ಮತ್ತೆ 30 ದಿನ ಉಳಿಸತಕ್ಕದ್ದೆಂದೂ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಎಂದರೆ ಟ್ರಾಯ್, 2013ರಲ್ಲೇ ನಿಯಮ ಮಾಡಿದೆ. ಪೋಸ್ಟ್‌ಪೇಯ್ಡಿನ ಸ್ವಭಾವವು ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಮೌನವು ಸಮ್ಮತಿಯೆಂದೇ ಗಣಿಸಲ್ಪಡುತ್ತದೆ. ಫೋನನ್ನು ಮುಟ್ಟದೆ ಪೆಟ್ಟಿಗೆಯಲ್ಲಿಟ್ಟರೂ, ಸಿಮ್ಮನ್ನು ಮುರಿದು ಎಸೆದರೂ, ಕೊನೆಗೆ ಒಡೆಯನೇ ಈ ಲೋಕವನ್ನು ತ್ಯಜಿಸಿದರೂ ಬಿಲ್ಲು ಬರುತ್ತಲೇ ಇರುತ್ತದೆ.

ಈ ಕಡೆಯ ಮಾತನ್ನು ನಾನು ಉತ್ಪ್ರೇಕ್ಷೆಯಾಗಿ ಬರೆದಿಲ್ಲ. ಭಾಲ್ಕಿಯಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ಇದು ನಡೆಯಿತು. ಮಾಮಾ ಅವರು ಜಹೀರಾಬಾದಿನಲ್ಲಿ ಬಹುಕಾಲ ನೌಕರಿ ಮಾಡಿದವರು. ಅಲ್ಲಿದ್ದಾಗಲೇ ಪೋಸ್ಟ್‌ಪೇಯ್ಡ್ ನಂಬರೊಂದನ್ನು ತೆಗೆದುಕೊಂಡು, ನಿವೃತ್ತರಾಗಿ ಊರಿಗೆ ಮರಳಿದ ಮೇಲೂ ಬಂಧುಮಿತ್ರರಿಗೆಲ್ಲ ಪರಿಚಿತವಾಗಿದ್ದ ಆ ನಂಬರನ್ನು ಬಿಡದೆ ಇರಿಸಿಕೊಂಡಿದ್ದರು. ಅವರು ತೀರಿಹೋದ ಮೇಲೆ, ದಿನಕರ್ಮಗಳೆಲ್ಲ ಮುಗಿದು ಮನೆಯು ಒಂದು ಹದಕ್ಕೆ ಬಂದಾಗ, ಅತ್ತೆಯವರು ಪುರಸಭೆಯಿಂದ ತಂದ ಮರಣ ಪ್ರಮಾಣಪತ್ರವನ್ನೂ ತಮ್ಮ ಆಧಾರಿನ ಜೆರಾಕ್ಸನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ನನ್ನನ್ನು ಕರೆದುಕೊಂಡು ಪೇಟೆಯ ಅಂಗಡಿಗೆ ಹೋದರು. ಅಂಗಡಿಯ ಹುಡುಗ ನಂಬರನ್ನು ಒತ್ತಿ ನೋಡಿ, ಇದು ಇಲ್ಲಿ ಆಗುವುದಲ್ಲ, ಬೀದರದ ದೊಡ್ಡ ಮಳಿಗೆಗೇ ಹೋಗಬೇಕೆಂದು ಹೇಳಿದ. ಬೀದರದ ಮಳಿಗೆಯಲ್ಲಿ ಟೋಕನ್ ಪಡೆದು ಕುಳಿತು, ಸರದಿ ಬಂದಾಗ ಮೇಜಿನ ಮುಂದೆ ಹೋದರೆ, ಅಲ್ಲಿದ್ದ ತರುಣನು ಪರದೆಯನ್ನು ಬಹಳ ಹೊತ್ತು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿ, ಈ ನಂಬರು ಕರ್ನಾಟಕ ಸರ್ಕಲ್ಲಿನದಲ್ಲ, ಆಂಧ್ರ ಸರ್ಕಲ್ಲಿನದು, ತನ್ನ ಪರದೆಯಲ್ಲಿ ಹೆಸರು ಮತ್ತು ಬಾಕಿ ಮಾತ್ರ ಕಾಣುತ್ತದೆ, ಬಂದ್ ಮಾಡುವ ಅವಕಾಶವು ತೆರೆಯುವುದಿಲ್ಲ ಎಂದನು. ಅಲ್ಲದೆ ಬಾಕಿಯೂ ಇತ್ತು. ಅತ್ತೆಯವರು ತಗ್ಗಿದ ದನಿಯಲ್ಲಿಯೇ ಕೇಳಿದರು: "ಅವರು ಹೋಗಿ ಎರಡು ತಿಂಗಳಾಯ್ತಪ್ಪಾ. ಈ ಬಿಲ್ಲು ಯಾರು ಮಾತಾಡಿದ್ದಕ್ಕ ಬರ್ಲತದ?" ಹುಡುಗನ ಮುಖ ಬಾಡಿತು. "ಖರೇ ಅದರೀ ಅಮ್ಮಾ, ಆದ್ರ ಸಿಸ್ಟಮ್‌ನಾಗ ಇನ್ನಾ ಚಾಲೂ ತೋರಿಸ್ಲತದ. ಬಾಕಿ ಕ್ಲಿಯರ್ ಆದ್ರನ ಮುಂದಿಂದು" ಎಂದು, ನೀರಿನ ಬಾಟಲಿಯನ್ನು ಅವರ ಕಡೆಗೆ ಸರಿಸಿದನು.

ಆ ಹುಡುಗನನ್ನು ದೂಷಿಸಲು ನನ್ನ ಮನಸ್ಸು ಇಂದಿಗೂ ಒಪ್ಪದು. ಅವನು ತನ್ನ ಸ್ವಂತ ಫೋನಿನಿಂದಲೇ ಸಹಾಯವಾಣಿಗೆ ಕರೆ ಹಚ್ಚಿಕೊಟ್ಟನು. ಅತ್ತ ಕಡೆಯಿಂದ ಕೇಳಿಬಂದ ಭಾಷೆಯು ತೆಲುಗು. ಅತ್ತೆಯವರಿಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ನೆರೆಹೊರೆಯ ಉರ್ದು ಬರುತ್ತದೆ. ತೆಲುಗು ಮಾತ್ರ ಬಾರದು. ಹಿಂದಿಯಲ್ಲಿ ಹೇಗೋ ವಿಷಯವನ್ನು ತಿಳಿಸಿದ್ದಕ್ಕೆ, ಹೆಸರಿದ್ದ ಗ್ರಾಹಕರೇ ಮಾತನಾಡಬೇಕೆಂಬ ಉತ್ತರ ಬಂದಿತು. ಗ್ರಾಹಕರು ಮೃತರೆಂದು ಮತ್ತೆ ಹೇಳಿದಾಗ, ಹಾಗಾದರೆ ನೋಂದಾಯಿತ ನಂಬರಿಗೆ ಹೋಗುವ ಒಟಿಪಿಯನ್ನು ಹೇಳಿರೆಂದರು. ಹೊರಹೋಗುವ ಕರೆಗಳನ್ನು ಬಾಕಿಯ ಕಾರಣದಿಂದ ಆಗಲೇ ನಿಲ್ಲಿಸಿದ್ದ ಆ ಫೋನನ್ನು ಮನೆಯ ಕಪಾಟಿನಲ್ಲಿ ಬಿಟ್ಟು ಬಂದಿದ್ದೆವು. ಕೊನೆಗೆ ಅತ್ತೆಯವರ ಹಿರಿಯ ಮಗನು ಜಹೀರಾಬಾದಿಗೆ ಹೋಗಿ, ಮಾಮಾ ಅವರ ಮರಣಾನಂತರದ ತಿಂಗಳುಗಳ ಬಿಲ್ಲನ್ನೂ ಸೇರಿಸಿ ಕಟ್ಟಿ, ಆ ವ್ಯವಹಾರವನ್ನು ಮುಗಿಸಿಕೊಂಡು ಬಂದನು. ಸಲ್ಲದ ಹಣವೆಂದು ತಿಳಿದೂ ಕಟ್ಟಿದೆವು. ಹೋರಾಡುವ ತ್ರಾಣವು ಶೋಕದ ಮನೆಯಲ್ಲಿ ಉಳಿದಿರುವುದಿಲ್ಲ.

ಈ ಅಲೆದಾಟದ ಮೂಲವು ಇತಿಹಾಸದಲ್ಲಿದೆಯೆಂದರೆ ಆಶ್ಚರ್ಯವಾದೀತು. ನಿಜಾಮರ ಕಾಲದಲ್ಲಿಯೂ, 1948ರ ತರುವಾಯದ ಹೈದರಾಬಾದ್ ರಾಜ್ಯದಲ್ಲಿಯೂ, ಜಹೀರಾಬಾದ್, ನಾರಾಯಣಖೇಡ, ಉದಗೀರ, ನಿಲಂಗಾ, ಅಹಮದಪುರಗಳೆಲ್ಲ ಬೀದರ ಜಿಲ್ಲೆಯ ಭಾಗಗಳೇ ಆಗಿದ್ದುವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳು ರಚಿತವಾದಾಗ ಒಂದು ಜಿಲ್ಲೆಯು ಮೂರು ರಾಜ್ಯಗಳಿಗೆ ಹಂಚಿಹೋಯಿತು: ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರಿಗೆ, ಉದಗೀರ ಮೊದಲಾದವು ಮುಂಬಯಿಗೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ. ನೆಂಟಸ್ತನಗಳು ಮಾತ್ರ ಹಂಚಿಹೋಗಲಿಲ್ಲ. ಹೆಣ್ಣು ಕೊಡುವುದು, ತರುವುದು, ಸಂತೆ, ಆಸ್ಪತ್ರೆ, ಕೂಲಿ, ನೌಕರಿ ಎಲ್ಲವೂ ಆ ಹಳೆಯ ಜಿಲ್ಲೆಯ ಸೀಮೆಯಲ್ಲೇ ಇಂದಿಗೂ ನಡೆಯುತ್ತವೆ. ನಲವತ್ತು ವರ್ಷಗಳ ಬಳಿಕ ಮೊಬೈಲ್ ಸೇವೆಗಾಗಿ ದೇಶವನ್ನು ಪರವಾನಗಿ ವಲಯಗಳನ್ನಾಗಿ ವಿಂಗಡಿಸಿದಾಗ, ಜನರು ಸರ್ಕಲ್ಲೆಂದು ಕರೆಯುವ ಆ ವಲಯಗಳ ಎಲ್ಲೆಯೂ ಇದೇ ರಾಜ್ಯಗಳ ಎಲ್ಲೆಯನ್ನು ಅನುಸರಿಸಿತು. 2014ರಲ್ಲಿ ತೆಲಂಗಾಣವು ಪ್ರತ್ಯೇಕ ರಾಜ್ಯವಾದರೂ ದೂರಸಂಪರ್ಕದ ಲೆಕ್ಕದಲ್ಲಿ ಅದು ಆಂಧ್ರ ವಲಯದೊಳಗೇ ಉಳಿದುಕೊಂಡಿದೆ. ಹೀಗಾಗಿ ನಮ್ಮ ಜಿಲ್ಲೆಯ ಮನೆಗಳಲ್ಲಿ ಮೂರು ಸರ್ಕಲ್ಲುಗಳ ನಂಬರುಗಳು ಸಹಜವಾಗಿ ಇರುತ್ತವೆ: ಹೈದರಾಬಾದಿನಲ್ಲಿ ಓದಿದ ಮಗನದೊಂದು, ಉದಗೀರದಿಂದ ಬಂದ ಸೊಸೆಯದೊಂದು, ಊರಲ್ಲೇ ಇರುವ ತಂದೆಯದೊಂದು. ಮಾತನಾಡುವಾಗ ಈ ಭೇದವು ಯಾರಿಗೂ ತಿಳಿಯದು, ಬಿಡಬೇಕೆಂದಾಗ ತಿಳಿಯುತ್ತದೆ.

ಔರಾದ ತಾಲೂಕಿನ ಅವಸ್ಥೆಯು ಇನ್ನೊಂದು ಬಗೆಯದು. ಕರ್ನಾಟಕದ ನಕಾಶೆಯಲ್ಲಿ ಅತ್ಯಂತ ಉತ್ತರಕ್ಕಿರುವ ಈ ಸೀಮೆಯ ಒಂದು ಪಕ್ಕದಲ್ಲಿ ಮಹಾರಾಷ್ಟ್ರದ ದೇಗಲೂರ, ಉದಗೀರಗಳು, ಮತ್ತೊಂದು ಪಕ್ಕದಲ್ಲಿ ತೆಲಂಗಾಣದ ನಾರಾಯಣಖೇಡ. ಗಡಿಯ ಹಳ್ಳಿಗಳಲ್ಲಿ ಫೋನು ಯಾವ ರಾಜ್ಯದ ಟವರನ್ನು ಹಿಡಿಯುವುದೆಂಬುದು, ನೀವು ಅಂಗಳದಲ್ಲಿ ನಿಂತಿರುವಿರೋ ಹೊಲದಲ್ಲಿ ನಿಂತಿರುವಿರೋ ಎಂಬುದನ್ನು ಅವಲಂಬಿಸಿರುತ್ತದೆ. ರೋಮಿಂಗಿಗೆ ಬೇರೆಯಾಗಿ ಹಣ ತೆರಬೇಕಾಗಿದ್ದ ವರ್ಷಗಳಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತು ಸ್ವೀಕರಿಸಿದ ಕರೆಗೂ ಜನರು ಹಣ ತೆತ್ತದ್ದುಂಟು. ಈಗ ಆ ಶುಲ್ಕದ ಬಾಧೆಯು ಬಹುಮಟ್ಟಿಗೆ ಇಲ್ಲವಾದರೂ, ಒಂದು ಕಂಪನಿಯ ಸಂಕೇತವು ಸಿಕ್ಕದ ಹಳ್ಳಿಯಲ್ಲಿ ಮತ್ತೊಂದು ಕಂಪನಿಯದು ಸಿಕ್ಕುವುದರಿಂದ, ಇಲ್ಲಿಯವರಿಗೆ ಬೇಕಾಗಿರುವುದು ನಂಬರನ್ನು ಬಂದ್ ಮಾಡಿಸುವುದಲ್ಲ. ನಂಬರನ್ನು ಉಳಿಸಿಕೊಂಡು ಕಂಪನಿಯನ್ನು ಬಿಡುವುದು. ಜನರ ಬಾಯಲ್ಲಿ ಇದು 'ಪೋರ್ಟ್ ಹೊಡೆಯುವುದು' ಎಂದಾಗಿದೆ.

ಈ ಹಕ್ಕು ನಮಗೆ ಹಂತಹಂತವಾಗಿ ಬಂದದ್ದು. 2010ರ ನವೆಂಬರ್ 25ರಂದು ಹರಿಯಾಣದ ರೋಹತಕದಲ್ಲಿ ಆರಂಭವಾಗಿ, 2011ರ ಜನವರಿ 20ರಿಂದ ದೇಶದಾದ್ಯಂತ ಜಾರಿಗೆ ಬಂದಿತಾದರೂ, ಅದು ಆಯಾ ಸರ್ಕಲ್ಲಿನ ಒಳಗೆ ಮಾತ್ರ ಸಲ್ಲುತ್ತಿತ್ತು. ಸರ್ಕಲ್ಲಿನಿಂದ ಸರ್ಕಲ್ಲಿಗೆ ನಂಬರನ್ನು ಒಯ್ಯುವ ಅವಕಾಶವು 2015ರ ಜುಲೈ 3ರಿಂದ ದೊರೆಯಿತು. ಗಡಿಯ ಜಿಲ್ಲೆಯವರ ಪಾಲಿಗೆ ಈ ಕೊನೆಯ ತಾರೀಖೇ ಮಹತ್ವದ್ದು. 2019ರ ಡಿಸೆಂಬರ್ 16ರಿಂದ ನಡೆಯುತ್ತಿರುವ ವಿಧಾನದಂತೆ, 'ಪೋರ್ಟ್' ಎಂಬ ಪದದೊಡನೆ ತಮ್ಮ ನಂಬರನ್ನು ಬರೆದು 1900ಕ್ಕೆ ಎಸ್ಎಂಎಸ್ ಕಳುಹಿಸಿದರೆ, ಶರತ್ತುಗಳೆಲ್ಲ ಪೂರೈಸಿದ್ದ ಪಕ್ಷದಲ್ಲಿ ಒಂದು ಸಂಕೇತಾಕ್ಷರ ಬರುತ್ತದೆ. ಅದು ನಾಲ್ಕು ದಿನ ಜೀವಂತವಾಗಿರುತ್ತದೆ. ಅಷ್ಟರೊಳಗೆ ಹೊಸ ಕಂಪನಿಯವರಿಗೆ ಅದನ್ನು ಒಪ್ಪಿಸಿದರೆ, ಸರ್ಕಲ್ಲಿನೊಳಗೆ ಮೂರು ಕೆಲಸದ ದಿನಗಳಲ್ಲಿ, ಸರ್ಕಲ್ಲು ಬದಲಾಗುವುದಾದರೆ ಐದು ಕೆಲಸದ ದಿನಗಳಲ್ಲಿ ಬದಲಾವಣೆ ಆಗತಕ್ಕದ್ದು. ಈಗಿನ ಕಂಪನಿಯಲ್ಲಿ 90 ದಿನಗಳು ಕಳೆದಿರಬೇಕು. ಪೋಸ್ಟ್‌ಪೇಯ್ಡಾದರೆ ಗಡುವು ಮೀರಿದ ಬಾಕಿಯಿರಕೂಡದು.

ಕಾಗದದ ಮೇಲೆ ಇಷ್ಟು ಸರಳವಾದದ್ದು ಬಡವನ ಕೈಯಲ್ಲಿ ಹೇಗೆ ತಡೆಯಿತೆಂಬುದನ್ನು ಇಲ್ಲಿ ಸಾವಕಾಶವಾಗಿ ಹೇಳಬೇಕಾಗಿದೆ. ಕಡಿಮೆ ದರದ ರೀಚಾರ್ಜುಗಳಲ್ಲಿ ಹೊರಹೋಗುವ ಎಸ್ಎಂಎಸ್ಸಿನ ಸೌಲಭ್ಯವನ್ನೇ ಸೇರಿಸದೆ ಬಿಡುವ ಪದ್ಧತಿಯು ಬಂದಿತು. ಕೂಲಿಯವನು, ವೃದ್ಧಾಪ್ಯ ವೇತನದಲ್ಲಿ ಬದುಕುವ ಮುದುಕಿ, ಇಂಥವರು ಹಾಕಿಸಿಕೊಳ್ಳುವುದು ಅದೇ ಅಗ್ಗದ ರೀಚಾರ್ಜು. ಬಿಡುವುದಕ್ಕೆ ಇದ್ದ ಏಕೈಕ ಮಾರ್ಗವು ಎಸ್ಎಂಎಸ್. ಆ ಎಸ್ಎಂಎಸ್ ಹೋಗಬೇಕಾದರೆ, ತಾನು ಬಿಡಬೇಕೆಂದಿರುವ ಕಂಪನಿಗೇ ಇನ್ನೂ ಹೆಚ್ಚಿನ ಹಣವನ್ನು ತೆತ್ತು ದೊಡ್ಡ ರೀಚಾರ್ಜು ಹಾಕಿಸಿಕೊಳ್ಳಬೇಕು. ದೂರುಗಳು ಬಂದ ಮೇಲೆ, 2021ರ ಡಿಸೆಂಬರ್ 7ರಂದು ಟ್ರಾಯ್ ನಿರ್ದೇಶನವೊಂದನ್ನು ಹೊರಡಿಸಿ, ಗ್ರಾಹಕನ ರೀಚಾರ್ಜು ಯಾವುದೇ ಇರಲಿ, 1900ಕ್ಕೆ ಹೋಗುವ ಸಂದೇಶವನ್ನು ತಡೆಯಕೂಡದೆಂದು ಎಲ್ಲ ಕಂಪನಿಗಳಿಗೂ ವಿಧಿಸಿತು. ಒಂದು ಹಕ್ಕನ್ನು ಕೊಟ್ಟು ಹನ್ನೊಂದು ವರ್ಷಗಳಾದ ಮೇಲೆ, ಆ ಹಕ್ಕನ್ನು ಕೇಳುವ ಬಾಯಿಯನ್ನು ಮುಚ್ಚಬೇಡಿರೆಂದು ಪ್ರತ್ಯೇಕವಾಗಿ ಆಜ್ಞಾಪಿಸಬೇಕಾಯಿತೆಂಬುದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ.

ಬೇಡದ ಸೇವೆಗಳನ್ನು ತಿಳಿಯದಂತೆ ಜೋಡಿಸಿ ಹಣ ಕಡಿದುಕೊಳ್ಳುವ ಬಾಧೆಯೂ ಇದೇ ಜಾತಿಯದು. ಕಾಲರ್ ಟ್ಯೂನು, ರಾಶಿಫಲ, ಚುಟುಕುಗಳ ಹೆಸರಿನಲ್ಲಿ ದಿನಕ್ಕೆ ಒಂದೆರಡು ರೂಪಾಯಿಗಳಂತೆ ಬ್ಯಾಲೆನ್ಸು ಕರಗಿಹೋಗುತ್ತಿದ್ದ ಕಾಲವನ್ನು ನಮ್ಮ ಹಳ್ಳಿಗಳು ಚೆನ್ನಾಗಿ ಕಂಡಿವೆ. 2011ರಿಂದ 2013ರವರೆಗಿನ ನಿರ್ದೇಶನಗಳಿಂದ, ಗ್ರಾಹಕನು ಎರಡು ಸಲ ಸ್ಪಷ್ಟವಾಗಿ ಒಪ್ಪದ ಹೊರತು ಯಾವ ಹೆಚ್ಚುವರಿ ಸೇವೆಯನ್ನೂ ಹಚ್ಚಬಾರದೆಂಬ ನಿಯಮವೂ, ಅಂಥದನ್ನು ತೆಗೆಸುವುದಕ್ಕೆ ಎಲ್ಲ ಕಂಪನಿಗಳಿಗೂ ಸಮಾನವಾದ 155223 ಎಂಬ ಶುಲ್ಕರಹಿತ ಸಂಖ್ಯೆಯೂ ಬಂದುವು. ಆ ಸಂಖ್ಯೆಯನ್ನು ಬಲ್ಲವರು ಇಂದಿಗೂ ವಿರಳ.

ನಂಬರನ್ನು ಬಿಡುವುದರ ಕಷ್ಟವು ಕಂಪನಿಯೊಡನೆ ಮಾತ್ರ ಮುಗಿಯುವುದೂ ಇಲ್ಲ. ಬ್ಯಾಂಕಿನ ಖಾತೆ, ಆಧಾರ್, ಗ್ಯಾಸಿನ ಸಿಲಿಂಡರು, ಪಡಿತರ ಚೀಟಿ, ರೈತನ ಸಹಾಯಧನ, ಬೆಳೆ ವಿಮೆ, ಮಗಳ ವಿದ್ಯಾರ್ಥಿವೇತನ, ಇವೆಲ್ಲವೂ ಆ ಹತ್ತು ಅಂಕಿಗಳಿಗೆ ಹೆಣೆದುಕೊಂಡಿವೆ. ಮೊದಲು ಅವೆಲ್ಲವನ್ನೂ ಹೊಸ ನಂಬರಿಗೆ ಬದಲಿಸಿ, ಆಮೇಲೆ ಹಳೆಯದನ್ನು ಬಿಡುವುದೇ ಕ್ಷೇಮ. ಏಕೆಂದರೆ ನಿಂತುಹೋದ ನಂಬರು ನಾಶವಾಗುವುದಿಲ್ಲ. ಕನಿಷ್ಠ 90 ದಿನಗಳು ಕಳೆದ ಮೇಲೆ ಅದು ಮತ್ತೊಬ್ಬ ಹೊಸ ಗ್ರಾಹಕನ ಪಾಲಾಗಬಹುದೆಂದು ಟ್ರಾಯ್ ಸುಪ್ರೀಂ ಕೋರ್ಟಿನ ಮುಂದೆ ನಿವೇದಿಸಿದೆ. 2023ರ ನವೆಂಬರಿನಲ್ಲಿ ನ್ಯಾಯಾಲಯವು ಆ ಮೊಕದ್ದಮೆಯಲ್ಲಿ, ತನ್ನ ಹಳೆಯ ನಂಬರಿಗೆ ಸೇರಿದ ಖಾಸಗಿ ವಿಷಯಗಳನ್ನು ಜೋಪಾನ ಮಾಡಿಕೊಳ್ಳುವುದು ಚಂದಾದಾರನದೇ ಹೊಣೆಯೆಂಬ ನಿಲುವನ್ನು ತಳೆಯಿತು. ಭಾಲ್ಕಿಯ ರೈತನು ಬಿಟ್ಟ ನಂಬರಿಗೆ ಅವನ ಬ್ಯಾಂಕಿನ ಒಟಿಪಿಯು ಹೋಗುತ್ತಲೇ ಇದ್ದು, ಅದನ್ನು ಅಪರಿಚಿತನೊಬ್ಬನು ಓದುತ್ತಿರುವುದು ಅಸಂಭವವಾದ ಸಂಗತಿಯಲ್ಲ. ಮತ್ತೊಂದು ಕಡೆಯಿಂದ, ಬಿಡದೆ ಮರೆತ ನಂಬರೂ ನಿರಪಾಯಕಾರಿಯಲ್ಲ. ಒಬ್ಬರ ಹೆಸರಿನಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಂಪರ್ಕಗಳಿರಕೂಡದೆಂಬ ಮಿತಿಯುಂಟು. 2023ರ ದೂರಸಂಪರ್ಕ ಅಧಿನಿಯಮವು ಆ ಮಿತಿಯ ಉಲ್ಲಂಘನೆಗೆ ಮೊದಲ ಸಲ 50,000 ರೂಪಾಯಿಗಳವರೆಗೆ ದಂಡವನ್ನು ಹೇಳಿದೆ. ತನ್ನ ಹೆಸರಿನಲ್ಲಿ ಯಾವ ಯಾವ ನಂಬರುಗಳಿವೆಯೆಂಬುದೇ ತಿಳಿಯದ ಜನರು ನಮ್ಮಲ್ಲಿ ಎಷ್ಟೋ. ಈ ವಿಷಯದಲ್ಲಿ ಸರ್ಕಾರವು 2023ರ ಮೇ 16ರಂದು ಆರಂಭಿಸಿದ 'ಸಂಚಾರ ಸಾಥಿ'ಯು ನಿಜಕ್ಕೂ ಉಪಕಾರ ಮಾಡಿದೆ. ಅಲ್ಲಿ ಒಟಿಪಿಯ ಮೂಲಕ ಪ್ರವೇಶಿಸಿದರೆ ತಮ್ಮ ಹೆಸರಿನಲ್ಲಿರುವ ನಂಬರುಗಳ ಪಟ್ಟಿಯೇ ತೆರೆಯುತ್ತದೆ. ಇದು ನನ್ನದಲ್ಲವೆಂದೋ, ನನಗೆ ಬೇಡವೆಂದೋ ಅಲ್ಲಿಯೇ ಗುರುತು ಹಾಕಿ ತಿಳಿಸಬಹುದು.

ಇನ್ನು ನ್ಯಾಯದ ಮಾತು. ಬಿಡುತ್ತೇನೆಂದು ಗ್ರಾಹಕನು ಕೇಳಿದ ಮೇಲೆ ಏಳು ದಿನಗಳೊಳಗೆ ಸಂಪರ್ಕವನ್ನು ಮುಚ್ಚತಕ್ಕದ್ದೆಂದೂ, ಠೇವಣಿಯನ್ನು 60 ದಿನಗಳೊಳಗೆ ಹಿಂದಿರುಗಿಸತಕ್ಕದ್ದೆಂದೂ ಟ್ರಾಯ್ 2009ರ ಗುಣಮಟ್ಟದ ನಿಯಮಾವಳಿಯಲ್ಲೇ ವಿಧಿಸಿತ್ತು. ಗ್ರಾಹಕರ ದೂರುಗಳಿಗಾಗಿ 2012ರ ನಿಯಮಗಳು ಎರಡು ಮೆಟ್ಟಿಲುಗಳನ್ನು ಕಟ್ಟಿದುವು: ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಪ್ರತಿ ದೂರಿಗೂ ಒಂದು ಡಾಕೆಟ್ ನಂಬರು, ಅಲ್ಲಿ ನ್ಯಾಯ ದೊರೆಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಅದು 39 ದಿನಗಳೊಳಗೆ ತೀರ್ಮಾನಿಸತಕ್ಕದ್ದು. ಈ ನಿಯಮಗಳನ್ನು ಓದಿದಾಗ, ನಮ್ಮ ಅತ್ತೆಯವರ ಪ್ರಕರಣದಲ್ಲಿ ಎಲ್ಲಿ ಎಡವಟ್ಟಾಯಿತೆಂಬುದು ನನಗೆ ಸ್ಪಷ್ಟವಾಯಿತು. ಏಳು ದಿನಗಳೆಂದರೆ ಯಾವ ದಿನದಿಂದ ಏಳು? ಬೇಡಿಕೆಯು ದಾಖಲಾದ ದಿನದಿಂದ. ಭಾಲ್ಕಿಯ ಅಂಗಡಿಯಲ್ಲಿ ಅದು ದಾಖಲಾಗಲಿಲ್ಲ, ಬೀದರದ ಮಳಿಗೆಯಲ್ಲಿ ದಾಖಲಾಗಲಿಲ್ಲ, ಸಹಾಯವಾಣಿಯಲ್ಲಿಯೂ ಆಗಲಿಲ್ಲ. ಮೂರು ಕಡೆಯೂ ನಾವು ಹೇಳಿದ್ದು ಹೇಳಿದಂತೆಯೇ ಗಾಳಿಗೆ ಹೋಯಿತು. ಕಾನೂನಿನ ಗಡಿಯಾರವು ಚಲಿಸಲೇ ಇಲ್ಲ, ಬಿಲ್ಲಿನ ಗಡಿಯಾರ ಮಾತ್ರ ಚಲಿಸುತ್ತಲಿತ್ತು. ನಿಯಮವು ಎಷ್ಟೇ ಉದಾರವಾಗಿರಲಿ, ಅದು ಯಾವ ಕ್ಷಣದಿಂದ ಅನ್ವಯಿಸುತ್ತದೆಂಬುದನ್ನು ಬರೆದುಕೊಳ್ಳುವ ಲೇಖನಿಯು ಕಂಪನಿಯ ಕೈಯಲ್ಲೇ ಇರುವವರೆಗೆ, ಆ ಔದಾರ್ಯವು ಜನರನ್ನು ಮುಟ್ಟಲಾರದು. ಆದುದರಿಂದ ಬಂದ್ ಮಾಡಿಸಲು ಹೋಗುವವರಿಗೆಲ್ಲ ನಾನು ಹೇಳುವುದಿಷ್ಟೆ: ಯಾರು ಏನೇ ಹೇಳಲಿ, ಡಾಕೆಟ್ ನಂಬರನ್ನು ಬರೆದುಕೊಳ್ಳದೆ ಫೋನನ್ನು ಇಡಬೇಡಿ, ಮಳಿಗೆಗೆ ಹೋದರೆ ಅರ್ಜಿಯ ಪ್ರತಿಯ ಮೇಲೆ ತಾರೀಖಿನ ಮೊಹರನ್ನು ಹಾಕಿಸಿಕೊಳ್ಳದೆ ಮೇಜನ್ನು ಬಿಟ್ಟು ಏಳಬೇಡಿ.

ನ್ಯಾಯಾಲಯದ ಮಾರ್ಗವೂ ಬಹುಕಾಲ ಮುಚ್ಚಿಹೋಗಿತ್ತು. ಕೇರಳದ ಒಂದು ದೂರವಾಣಿ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, 1885ರ ತಂತಿ ಅಧಿನಿಯಮದಲ್ಲಿ ಪಂಚಾಯ್ತಿಯ ವ್ಯವಸ್ಥೆ ಇರುವುದರಿಂದ ಗ್ರಾಹಕ ವೇದಿಕೆಗಳು ಇಂಥ ದೂರುಗಳನ್ನು ಕೇಳಲಾಗದೆಂದು ತೀರ್ಪಿತ್ತಿತು. ಆ ತೀರ್ಪನ್ನು ಮುಂದಿಟ್ಟುಕೊಂಡು ಖಾಸಗಿ ಕಂಪನಿಗಳೂ ಗ್ರಾಹಕನನ್ನು ಹೊಸ್ತಿಲಲ್ಲೇ ತಡೆಯತೊಡಗಿದುವು. ಅಹಮದಾಬಾದಿನ ಗ್ರಾಹಕರೊಬ್ಬರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಬಿಲ್ಲು 2013ರ ಒಂದು ತಿಂಗಳಲ್ಲಿ 24,609 ರೂಪಾಯಿಗಳಿಗೆ ಏರಿದಾಗ, ಅವರು ಹೂಡಿದ ದೂರು ಜಿಲ್ಲೆಯಿಂದ ದಿಲ್ಲಿಯವರೆಗೆ ಈ ಒಂದೇ ಪ್ರಶ್ನೆಯ ಮೇಲೆ ಎಳೆದಾಡಲ್ಪಟ್ಟು, ಕಡೆಗೆ 2022ರ ಫೆಬ್ರವರಿ 16ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ ಅವರಿದ್ದ ಪೀಠವು, ಗ್ರಾಹಕ ವೇದಿಕೆಗಳಿಗೆ ಈ ಅಧಿಕಾರವು ಉಂಟೆಂದು ನಿರ್ಣಯಿಸಿತು. ಆದ್ದರಿಂದ ಇಂದು ಬೀದರ ಜಿಲ್ಲೆಯ ಯಾವನೇ ಚಂದಾದಾರನು, ಅವನ ಕಂಪನಿಯ ಕಚೇರಿಯು ಎಲ್ಲಿಯೇ ಇರಲಿ, ನಂಬರು ಯಾವ ಸರ್ಕಲ್ಲಿನದೇ ಆಗಿರಲಿ, ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರನ್ನು ಹೂಡಬಹುದು. ತೆತ್ತ ಹಣವು ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ನಿಂತು ಹೇಳಿಕೊಳ್ಳಲೂಬಹುದು. ಅದಕ್ಕೆ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿದರೂ ಎಷ್ಟೋ ಸಲ ಕಾರ್ಯವಾಗುತ್ತದೆ. ನಮ್ಮ ಮನೆಯವರು ಆಗ ಇದನ್ನು ಮಾಡಬಹುದಾಗಿತ್ತೆಂದು ಹೇಳುವುದು ಸುಲಭ. ಆದರೆ ಕೆಲವು ನೂರು ರೂಪಾಯಿಗಳಿಗಾಗಿ ವಿಧವೆಯೊಬ್ಬರು ಆಯೋಗದ ಮೆಟ್ಟಿಲನ್ನು ಹತ್ತಬೇಕಾದ ಸ್ಥಿತಿಯೇ ಉತ್ಪನ್ನವಾಗಬಾರದೆಂಬುದು ನನ್ನ ಅಭಿಪ್ರಾಯ.

ಅನ್ಯ ದೇಶಗಳು ಈ ರೋಗಕ್ಕೆ ಮೂಲದಲ್ಲೇ ಚಿಕಿತ್ಸೆಯನ್ನು ಹುಡುಕಿವೆ. ಜರ್ಮನಿಯಲ್ಲಿ 2022ರ ಜುಲೈ 1ರಿಂದ, ಅಂತರಜಾಲದ ಮೂಲಕ ಇಂಥ ಕರಾರುಗಳನ್ನು ಮಾಡಿಸಿಕೊಳ್ಳುವ ವ್ಯಾಪಾರಿಯು ತನ್ನ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಕರಾರು ರದ್ದತಿಯ ಗುಂಡಿಯೊಂದನ್ನು ಇಡಲೇಬೇಕು, ಮತ್ತು ಒತ್ತಿದ ದಿನಾಂಕ, ಸಮಯಗಳ ಸಮೇತ ಸ್ವೀಕೃತಿಯನ್ನು ಕೂಡಲೇ ಕಳುಹಿಸಬೇಕು. ಬ್ರಿಟನ್ನಿನಲ್ಲಿ 2019ರ ಜುಲೈ 1ರಿಂದ ಒಂದು ಎಸ್ಎಂಎಸ್ಸಿನಲ್ಲೇ ಕಂಪನಿಯನ್ನು ಬದಲಿಸಲೂಬಹುದು, ನಂಬರನ್ನು ಪೂರ್ತಿಯಾಗಿ ಬಿಡಲೂಬಹುದು. ನಮ್ಮಲ್ಲಿಯೂ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯು ಹದಿಮೂರು ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ, ಚಂದಾ ರದ್ದತಿಯನ್ನು ಅಸಾಧ್ಯವಾಗಿಸುವುದನ್ನೂ ಜಟಿಲವಾಗಿಸುವುದನ್ನೂ ಅವುಗಳಲ್ಲೊಂದಾಗಿ ಗಣಿಸಿದೆ. ತತ್ತ್ವವು ಸರಿಯಾಗಿದೆ. ಆದರೆ ಅದು ಅಂತರಜಾಲದ ಪರದೆಯನ್ನು ಕುರಿತು ಹೇಳಿದ ತತ್ತ್ವ. ಔರಾದಿನ ಸಂತೆಗೆ ಬಂದ ಕಮಲನಗರದ ಅಜ್ಜಿಯು ಪರದೆಯ ಮುಂದೆ ನಿಲ್ಲುವವಳಲ್ಲ, ಮೇಜಿನ ಮುಂದೆ ನಿಲ್ಲುವವಳು.

ಆ ಮೇಜಿನಲ್ಲಿಯೇ ಸುಧಾರಣೆಯು ಆಗಬೇಕಾಗಿದೆ. ಯಾವ ಅಂಗಡಿಯು ಬೆರಳಚ್ಚನ್ನು ಪಡೆದು ಸಿಮ್ಮನ್ನು ಕೊಡಬಲ್ಲದೋ, ಅದೇ ಅಂಗಡಿಯು ಅದೇ ಬೆರಳಚ್ಚನ್ನು ಪಡೆದು ಬಿಡುಗಡೆಯ ಬೇಡಿಕೆಯನ್ನೂ ದಾಖಲಿಸಿಕೊಳ್ಳುವಂತೆ ಟ್ರಾಯ್ ವಿಧಿಸಬೇಕು. ಗುರುತನ್ನು ಪರೀಕ್ಷಿಸುವ ಯಂತ್ರವು ಬರುವಾಗ ನಂಬಲರ್ಹವಾದರೆ ಹೋಗುವಾಗಲೂ ನಂಬಲರ್ಹವೇ. ಬೇಡಿಕೆಯನ್ನು ಇತ್ತ ಕ್ಷಣದಿಂದ ಬಾಡಿಗೆಯ ಲೆಕ್ಕವು ನಿಲ್ಲಬೇಕು. ಹಳೆಯ ಬಾಕಿಯಿದ್ದರೆ ಅದನ್ನು ಬೇರೆಯಾಗಿ ವಸೂಲು ಮಾಡಿಕೊಳ್ಳಲಿ, ಬಾಕಿಯ ನೆಪದಿಂದ ಹೊಸ ಬಾಕಿಯನ್ನು ಬೆಳೆಸಬಾರದು. ಮೃತರ ಸಂಪರ್ಕವಾದರೆ ಮರಣ ಪ್ರಮಾಣಪತ್ರದಲ್ಲಿರುವ ದಿನಾಂಕವೇ ಕೊನೆಯ ದಿನಾಂಕವಾಗಬೇಕು, ಅದರ ಮುಂದಿನ ಬಿಲ್ಲುಗಳು ತಾವಾಗಿ ರದ್ದಾಗಬೇಕು. ಸಹಾಯವಾಣಿಯ ಭಾಷೆಯನ್ನು ನಂಬರಿನ ಸರ್ಕಲ್ಲು ನಿರ್ಧರಿಸುವ ಬದಲು ಕರೆ ಮಾಡಿದವರು ಆರಿಸಿಕೊಳ್ಳುವಂತಿರಬೇಕು. ಬೀದರ ಜಿಲ್ಲೆಗೆ ಇದು ಸೌಕರ್ಯದ ಮಾತಲ್ಲ, ಅಗತ್ಯದ ಮಾತು. ಕಂಪನಿಯ ಮಳಿಗೆಯಿಲ್ಲದ ಊರುಗಳಲ್ಲಿ ಗ್ರಾಮ ಒನ್ ಕೇಂದ್ರಗಳಿವೆ, ಅಂಚೆ ಕಚೇರಿಗಳಿವೆ; ಆಧಾರ್, ಪಿಂಚಣಿ, ಉಳಿತಾಯಗಳ ಕಾಗದಗಳನ್ನು ಜನರು ನಂಬಿ ಒಪ್ಪಿಸುವ ಈ ಸ್ಥಳಗಳಲ್ಲಿ, ಯಾವ ಕಂಪನಿಯ, ಯಾವ ಸರ್ಕಲ್ಲಿನ ನಂಬರಾದರೂ ಸರಿಯೇ, ಬಿಡುಗಡೆಯ ಅರ್ಜಿಯನ್ನು ಕನ್ನಡದಲ್ಲಿ ಸ್ವೀಕರಿಸಿ, ಆ ದಿನದ ಮೊಹರಿನೊಡನೆ ರಸೀದಿಯನ್ನು ಕೊಡುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆಯು ಮಾಡಬೇಕು. ಏಳು ದಿನಗಳ ಲೆಕ್ಕವು ಆ ಮೊಹರಿನ ತಾರೀಖಿನಿಂದಲೇ ಆರಂಭವಾಗತಕ್ಕದ್ದು.